‘ಪಿಕ್ಚರ್ ಹೇಗಿದೆ?’: ಮೂರೇ ದಿನದಲ್ಲಿ ಉತ್ತರ ಬೇಕು

ಶುಕ್ರವಾರ ಬೆಳಗಿನ ಆಟ ಮುಗಿದು ಚಿತ್ರಮಂದಿರದ ಬಾಗಿಲು ತೆರೆದರೆ ಹೊರಗೆ ನಿಂತವರ ಪ್ರಶ್ನೆ ಒಂದೇ: ‘ಪಿಕ್ಚರ್ ಹೇಗಿದೆ?’ ಉತ್ತರಗಳೂ ಬಹುಮಟ್ಟಿಗೆ ಪರಿಚಿತವಾದವೇ. ‘ಸೂಪರ್’, ‘ದುಡ್ಡಿಗೆ ಮೋಸ ಇಲ್ಲ’, ‘ಒಂದ್ಸಲ ನೋಡಬಹುದು’, ‘ಫಸ್ಟ್ ಹಾಫ್ ಚೆನ್ನಾಗಿದೆ, ಆಮೇಲೆ ಎಳೆದಿದ್ದಾರೆ’. ಗಾಂಧಿನಗರದ ಮಂದಿ ಇದನ್ನು ‘ಟಾಕ್’ ಎನ್ನುತ್ತಾರೆ. ಪೋಸ್ಟರು, ಟ್ರೇಲರು, ಟಿವಿ ಸಂದರ್ಶನಗಳಿಗೆ ಎಷ್ಟೇ ಹಣ ಸುರಿದರೂ ನೋಡಿ ಬಂದವರ ಬಾಯಿಮಾತಿಗೆ ಸಮನಾದ ಪ್ರಚಾರ ಇನ್ನೊಂದಿಲ್ಲ ಎಂಬುದು ಚಿತ್ರೋದ್ಯಮದ ಹಳೆಯ ನಂಬಿಕೆ.

ನಂಬಿಕೆ ಹಳೆಯದಾದರೂ ಅದು ಕೆಲಸ ಮಾಡುವ ಬಗೆ ಈಗ ಬದಲಾಗಿದೆ. ಬಾಯಿಮಾತು ಹರಡಲು ಕಾಲಾವಕಾಶ ಬೇಕು. ಆ ಅವಕಾಶ ಇಂದು ತಾರೆಯರಿಲ್ಲದ ಸಣ್ಣ ಚಿತ್ರಗಳಿಗೆ ಸಿಗುತ್ತಿಲ್ಲ. ಚಿತ್ರ ಚೆನ್ನಾಗಿದೆ ಎಂಬ ಸುದ್ದಿ ಬುಧವಾರ ಕಿವಿಗೆ ಬೀಳುವಷ್ಟರಲ್ಲಿ ಗುರುವಾರ ಅದನ್ನು ತೆಗೆದಿರುತ್ತಾರೆ. ಹಾಗಾಗಿ ಸಿನಿಮಾ ಪ್ರಿಯರು ನೋಡಿದ ಚಿತ್ರದ ಬಗ್ಗೆ ಏನು ಹೇಳುತ್ತಾರೆ ಎಂಬುದರಷ್ಟೇ, ಯಾವಾಗ ಹೇಳುತ್ತಾರೆ ಎಂಬುದೂ ನಿರ್ಣಾಯಕವಾಗಿದೆ.

ರೀಲಿಗಿಂತ ಮುಂದೆ ಓಡುತ್ತಿದ್ದ ಮಾತು

1972ರಲ್ಲಿ ತೆರೆ ಕಂಡ ಸಿದ್ಧಲಿಂಗಯ್ಯ ನಿರ್ದೇಶನದ ‘ಬಂಗಾರದ ಮನುಷ್ಯ’ ಬೆಂಗಳೂರಿನ ಸ್ಟೇಟ್ಸ್ ಚಿತ್ರಮಂದಿರದಲ್ಲಿ ಎರಡು ವರ್ಷಗಳ ಕಾಲ ಓಡಿದ್ದು ಕನ್ನಡ ಚಿತ್ರರಂಗದ ದಂತಕಥೆಗಳಲ್ಲೊಂದು. ಅಂಥ ದಾಖಲೆಗಳ ಹಿಂದೆ ಅಂದಿನ ವಿತರಣಾ ಪದ್ಧತಿಯ ಪಾತ್ರವೂ ಇತ್ತು. ಪ್ರತಿ ಪ್ರಿಂಟಿಗೂ ಹಣ ತೆರಬೇಕಿದ್ದುದರಿಂದ ಕೆಲವೇ ಪ್ರಿಂಟುಗಳನ್ನು ಹಾಕಿಸಲಾಗುತ್ತಿತ್ತು. ಚಿತ್ರ ಮೊದಲು ದೊಡ್ಡ ಊರುಗಳಲ್ಲಿ ತೆರೆ ಕಾಣುತ್ತಿತ್ತು. ಬಳಿಕ ಅದೇ ರೀಲಿನ ಡಬ್ಬಿಗಳು ಸಣ್ಣ ಪಟ್ಟಣಗಳಿಗೆ, ಕೊನೆಗೆ ಟೂರಿಂಗ್ ಟಾಕೀಸುಗಳಿಗೆ ಹೋಗುತ್ತಿದ್ದವು. ರೀಲು ಊರು ಮುಟ್ಟುವ ಮೊದಲೇ ಬೆಂಗಳೂರು, ಮೈಸೂರಿನಲ್ಲಿ ಚಿತ್ರ ನೋಡಿ ಬಂದ ನೆಂಟರ ಮಾತು ಅಲ್ಲಿಗೆ ಮುಟ್ಟಿರುತ್ತಿತ್ತು.

ಈ ಶತಮಾನದ ಮೊದಲ ದಶಕದಲ್ಲಿ ಡಿಜಿಟಲ್ ಪ್ರದರ್ಶನ ವ್ಯವಸ್ಥೆ ಬಂದ ಮೇಲೆ ರೀಲಿನ ಡಬ್ಬಿಗಳು ಮೂಲೆ ಸೇರಿದವು. ಒಂದೇ ಶುಕ್ರವಾರ ರಾಜ್ಯದಾದ್ಯಂತ ಚಿತ್ರವನ್ನು ಬಿಡುಗಡೆ ಮಾಡುವುದು ಸುಲಭವಾಯಿತು. ಆದರೆ ಒಂದು ಊರಿನ ಮಾತು ಇನ್ನೊಂದು ಊರಿನ ಪ್ರೇಕ್ಷಕನನ್ನು ಸಿದ್ಧಗೊಳಿಸುತ್ತಿದ್ದ ಬಿಡುವು ಅದರೊಂದಿಗೇ ಹೋಯಿತು.

ಆ ಪರಿವರ್ತನೆಯ ಹೊಸ್ತಿಲಲ್ಲಿ ಬಂದದ್ದು ಯೋಗರಾಜ್ ಭಟ್ ನಿರ್ದೇಶನದ ‘ಮುಂಗಾರು ಮಳೆ’. 2006ರ ಡಿಸೆಂಬರ್ 29ರಂದು ಬಿಡುಗಡೆಯಾದಾಗ ನಾಯಕ ಗಣೇಶ್ ದೊಡ್ಡ ತಾರೆಯಾಗಿರಲಿಲ್ಲ. ಮನೋಮೂರ್ತಿ ಸಂಗೀತದ ಹಾಡುಗಳು ಮತ್ತು ಪ್ರೇಕ್ಷಕರ ಬಾಯಿಮಾತು ಚಿತ್ರವನ್ನು ಬೆಳೆಸಿದವು. ಬೆಂಗಳೂರಿನ ಮಲ್ಟಿಪ್ಲೆಕ್ಸ್‌ನಲ್ಲಿ ಅದು ಒಂದು ವರ್ಷಕ್ಕೂ ಹೆಚ್ಚು ಕಾಲ ಓಡಿತು. ವಾರದಿಂದ ವಾರಕ್ಕೆ ಮಾತು ಬೆಳೆಯಲು ಅಂದು ಪರದೆಯ ಮೇಲೆ ಜಾಗವಿತ್ತು.

ಸೋಮವಾರದ ಕತ್ತರಿ

ಕನ್ನಡದಲ್ಲಿ ಈಗ ವರ್ಷಕ್ಕೆ ಇನ್ನೂರರ ಆಸುಪಾಸಿನಲ್ಲಿ ಚಿತ್ರಗಳು ತೆರೆ ಕಾಣುತ್ತಿವೆ. ಅಂದರೆ ವಾರಕ್ಕೆ ಸರಾಸರಿ ನಾಲ್ಕು. ಅದೇ ಪರದೆಗಳಿಗೆ ತೆಲುಗು, ತಮಿಳು, ಮಲಯಾಳಂ, ಹಿಂದಿ, ಇಂಗ್ಲಿಷ್ ಚಿತ್ರಗಳೂ ಬರುತ್ತವೆ. ಮಲ್ಟಿಪ್ಲೆಕ್ಸ್‌ನವರು ಶುಕ್ರ, ಶನಿ, ಭಾನುವಾರಗಳ ಗಳಿಕೆ ನೋಡಿ ಸೋಮವಾರದಿಂದ ಆಟಗಳನ್ನು ಹೆಚ್ಚು–ಕಡಿಮೆ ಮಾಡುತ್ತಾರೆ. ಶೇಕಡಾ ಹತ್ತರಷ್ಟು ಸೀಟೂ ತುಂಬದ ಚಿತ್ರದ ಸಂಜೆಯ ಆಟ ತುಂಬುತ್ತಿರುವ ಚಿತ್ರಕ್ಕೆ ಹೋಗುತ್ತದೆ. ಉಳಿಯುವುದು ಬೆಳಿಗ್ಗೆಯ ಅಥವಾ ಮಧ್ಯಾಹ್ನದ ಒಂದೇ ಆಟ. ಕೆಲಸಕ್ಕೆ ಹೋಗುವವರಿಗೆ ಆ ಹೊತ್ತಿನಲ್ಲಿ ಚಿತ್ರ ನೋಡಲಾಗದು. ಹೀಗಾಗಿ ಗಳಿಕೆ ಮತ್ತಷ್ಟು ಕುಸಿದು, ಮುಂದಿನ ಶುಕ್ರವಾರ ಚಿತ್ರವೇ ಇರುವುದಿಲ್ಲ.

ಹಣ ಹಂಚಿಕೆಯ ಲೆಕ್ಕವೂ ನಿಧಾನವಾಗಿ ಗೆಲ್ಲುವ ಚಿತ್ರಕ್ಕೆ ಅನುಕೂಲವಾಗಿಲ್ಲ. 2009ರಲ್ಲಿ ಹಿಂದಿ ಚಿತ್ರ ನಿರ್ಮಾಪಕರು ಮತ್ತು ಮಲ್ಟಿಪ್ಲೆಕ್ಸ್ ಮಾಲೀಕರ ನಡುವೆ ಆದ ಒಪ್ಪಂದವನ್ನು ಉದಾಹರಣೆಗೆ ನೋಡಬಹುದು. ಅದರಂತೆ ನಿರ್ಮಾಪಕ–ವಿತರಕರ ಪಾಲು ಮೊದಲ ವಾರ ಶೇ 50, ಎರಡನೇ ವಾರ ಶೇ 42.5, ಮೂರನೇ ವಾರ ಶೇ 37.5, ಅಲ್ಲಿಂದ ಮುಂದೆ ಶೇ 30. ಒಪ್ಪಂದದ ಅಂಕಿಗಳು ಚಿತ್ರದಿಂದ ಚಿತ್ರಕ್ಕೆ ಬದಲಾಗಬಹುದಾದರೂ ಪಾಲು ಇಳಿಯುತ್ತಾ ಹೋಗುವ ತತ್ವ ಅದೇ. ಮೊದಲ ವಾರ ಭೋರ್ಗರೆದು ಎರಡನೇ ವಾರ ಮಲಗುವ ಚಿತ್ರಕ್ಕೆ ಗಳಿಕೆಯ ಅರ್ಧ ಸಿಗುತ್ತದೆ. ಬಾಯಿಮಾತಿನಿಂದ ನಾಲ್ಕನೇ ವಾರ ಚೇತರಿಸಿಕೊಳ್ಳುವ ಚಿತ್ರಕ್ಕೆ ಪ್ರತಿ ನೂರು ರೂಪಾಯಿಯಲ್ಲಿ ಮೂವತ್ತು ಮಾತ್ರ.

ಒಂಟಿ ಪರದೆಯ ಚಿತ್ರಮಂದಿರಗಳಲ್ಲಿ ವಾರದ ಬಾಡಿಗೆ ಪದ್ಧತಿ ಕರ್ನಾಟಕದ ಹಳೆಯ ವಿವಾದ. ಜನ ಬಂದರೂ ಬಾರದಿದ್ದರೂ ಬಾಡಿಗೆ ಕಟ್ಟಬೇಕಾದ ಸಣ್ಣ ನಿರ್ಮಾಪಕ ‘ಮಾತು ಹರಡಲಿ, ಎರಡು ವಾರ ಕಾಯೋಣ’ ಎಂದು ಧೈರ್ಯ ಮಾಡುವುದು ಕಷ್ಟ. ಶೇಕಡಾವಾರು ಹಂಚಿಕೆ ಬೇಕೆಂಬ ನಿರ್ಮಾಪಕರ ಬೇಡಿಕೆಯ ಹಿಂದಿರುವುದು ಇದೇ ಸಂಕಟ.

ಮಾತು ಗೆಲ್ಲಿಸಿದ ಚಿತ್ರಗಳು

ಇಂಥ ಇಕ್ಕಟ್ಟಿನಲ್ಲೂ ಪ್ರೇಕ್ಷಕರ ಅಭಿಪ್ರಾಯ ಚಿತ್ರಗಳ ದಿಕ್ಕು ಬದಲಿಸಿದ ನಿದರ್ಶನಗಳು ಕನ್ನಡದಲ್ಲಿವೆ. ಪವನ್ ಕುಮಾರ್ ಅವರ ‘ಲೂಸಿಯಾ’ (2013) ನೂರಕ್ಕೂ ಹೆಚ್ಚು ಮಂದಿ ಹಾಕಿದ ಹಣದಿಂದ ತಯಾರಾಯಿತು. ಅದೇ ವರ್ಷ ಜುಲೈನಲ್ಲಿ ಲಂಡನ್ ಭಾರತೀಯ ಚಲನಚಿತ್ರೋತ್ಸವದಲ್ಲಿ ಪ್ರೇಕ್ಷಕರ ಆಯ್ಕೆಯ ಪ್ರಶಸ್ತಿ ಪಡೆದು, ಸೆಪ್ಟೆಂಬರ್‌ನಲ್ಲಿ ಇಲ್ಲಿ ತೆರೆ ಕಂಡಿತು. ಹಣ ಹಾಕಿದವರೇ ಚಿತ್ರದ ಮೊದಲ ಪ್ರಚಾರಕರೂ ಆದ ಕಾರಣ, ಬಿಡುಗಡೆಯ ಹೊತ್ತಿಗಾಗಲೇ ಮಾತು ಸಾಕಷ್ಟು ದೂರ ಹೋಗಿತ್ತು.

ಅನೂಪ್ ಭಂಡಾರಿ ನಿರ್ದೇಶನದ ‘ರಂಗಿತರಂಗ’ 2015ರ ಜುಲೈ 3ರಂದು ಬಿಡುಗಡೆಯಾಯಿತು. ಹೊಸಬರ ಚಿತ್ರಕ್ಕೆ ಒಳ್ಳೆಯ ಮಾತು ಹುಟ್ಟುತ್ತಿದ್ದ ಸಮಯದಲ್ಲೇ, ಜುಲೈ 10ರಂದು ‘ಬಾಹುಬಲಿ’ ಬಂದಿತು. ಮಲ್ಟಿಪ್ಲೆಕ್ಸ್‌ಗಳಲ್ಲಿ ‘ರಂಗಿತರಂಗ’ದ ಆಟಗಳು ಕಡಿತಗೊಂಡಾಗ ಕನ್ನಡ ಪ್ರೇಕ್ಷಕರು ದನಿ ಎತ್ತಿದರು. ಚಿತ್ರ ಮತ್ತೆ ಪರದೆಗಳನ್ನು ಪಡೆದು ಯಶಸ್ವಿಯಾಯಿತು. ‘ಚಿತ್ರ ಚೆನ್ನಾಗಿದೆ’ ಎಂಬ ಮಾತು ‘ಆಟ ಕೊಡಿ’ ಎಂಬ ಒತ್ತಾಯವಾಗಿ ಬೆಳೆದದ್ದು ಆ ಪ್ರಕರಣದ ವಿಶೇಷ.

ರಿಷಬ್ ಶೆಟ್ಟಿ ಅವರ ‘ಕಾಂತಾರ’ 2022ರ ಸೆಪ್ಟೆಂಬರ್ 30ರಂದು ಕನ್ನಡದಲ್ಲಿ ಮಾತ್ರ ಬಿಡುಗಡೆಯಾಗಿತ್ತು. ನೋಡಿದವರ ಮಾತು ರಾಜ್ಯದ ಗಡಿ ದಾಟಿದ ಮೇಲೆ, ಅಕ್ಟೋಬರ್ ಮಧ್ಯಭಾಗದಲ್ಲಿ ಹಿಂದಿ ಮತ್ತು ತೆಲುಗು ಅವತರಣಿಕೆಗಳು ಬಂದವು. ಇಲ್ಲಿ ಎರಡು ವಾರಗಳ ಅಂತರವೇ ಹಳೆಯ ಕಾಲದ ರೀಲಿನ ಡಬ್ಬಿಯ ಕೆಲಸ ಮಾಡಿತು ಎನ್ನಬಹುದು.

ಜೆ.ಪಿ. ತುಮಿನಾಡು ನಿರ್ದೇಶನದ ‘ಸು ಫ್ರಮ್ ಸೋ’ 2025ರ ಜುಲೈ 25ರಂದು ತೆರೆ ಕಂಡಿತು. ರಾಜ್ ಬಿ. ಶೆಟ್ಟಿ ನಿರ್ಮಾಪಕರಲ್ಲೊಬ್ಬರಾಗಿದ್ದ ಈ ಚಿತ್ರದಲ್ಲಿ ಭಾರೀ ತಾರಾಗಣವಿರಲಿಲ್ಲ, ಅಬ್ಬರದ ಪ್ರಚಾರವೂ ಇರಲಿಲ್ಲ. ಬದಲಿಗೆ ಬಿಡುಗಡೆಗೆ ಮುನ್ನವೇ ಕೆಲವು ಊರುಗಳಲ್ಲಿ ಟಿಕೆಟ್ ಇಟ್ಟು ಪ್ರೀಮಿಯರ್ ಪ್ರದರ್ಶನ ಏರ್ಪಡಿಸಲಾಯಿತು. ಶುಕ್ರವಾರದ ಮೊದಲೇ ಮಾತು ಹುಟ್ಟಿಸುವ ಉಪಾಯವಿದು. ವಾರಾಂತ್ಯದ ಹೊತ್ತಿಗೆ ಟಿಕೆಟ್ ಸಿಗದ ಸ್ಥಿತಿ ಉಂಟಾಗಿ ಹೆಚ್ಚುವರಿ ಆಟಗಳನ್ನು ಹಾಕಬೇಕಾಯಿತು. ಒಂದು ವಾರದ ಬಳಿಕ ಮಲಯಾಳಂ ಅವತರಣಿಕೆ ಕೇರಳದಲ್ಲಿ ಬಿಡುಗಡೆಯಾಯಿತು.

ಆದರೆ ಇವೆಲ್ಲ ಗೆದ್ದವರ ಕಥೆಗಳು. ಮಾತು ಹುಟ್ಟುವ ಮೊದಲೇ ಪರದೆಯಿಂದ ಇಳಿದ ಚಿತ್ರಗಳು ಯಾರ ನೆನಪಿನಲ್ಲೂ ಉಳಿಯುವುದಿಲ್ಲ.

ಸರಾಸರಿ ಅಂಕ ಮರೆಮಾಚುವುದೇನು?

ಈಗ ಬಾಯಿಮಾತಿನ ಜಾಗಕ್ಕೆ ಅಂಕಗಳು ಬಂದಿವೆ. ಟಿಕೆಟ್ ಕಾಯ್ದಿರಿಸುವ ಆ್ಯಪ್‌ಗಳಲ್ಲಿ ಹತ್ತಕ್ಕೆ ಇಷ್ಟು ಎಂಬ ಅಂಕ ನೋಡಿ ಚಿತ್ರ ಆರಿಸುವವರು ಅನೇಕ. ಈ ಅಂಕಗಳನ್ನು ಓದುವಾಗ ಎಚ್ಚರ ಅಗತ್ಯ.

ಒಂದು ಲೆಕ್ಕ ನೋಡಿ. ನೂರು ಮಂದಿ ಅಂಕ ನೀಡಿದ್ದಾರೆ ಎಂದುಕೊಳ್ಳೋಣ. ಅರವತ್ತು ಮಂದಿ ಹತ್ತಕ್ಕೆ ಹತ್ತು, ಉಳಿದ ನಲವತ್ತು ಮಂದಿ ಹತ್ತಕ್ಕೆ ಒಂದು ಕೊಟ್ಟರೆ ಸರಾಸರಿ 6.4. ಇನ್ನೊಂದು ಚಿತ್ರಕ್ಕೆ ಅರವತ್ತು ಮಂದಿ ಆರು, ನಲವತ್ತು ಮಂದಿ ಏಳು ಕೊಟ್ಟರೂ ಸರಾಸರಿ 6.4ವೇ. ಮೊದಲನೆಯದು ಅಭಿಮಾನಿಗಳ ಮತ್ತು ವಿರೋಧಿಗಳ ಜಟಾಪಟಿ. ಎರಡನೆಯದು ಎಲ್ಲರೂ ‘ಒಂದ್ಸಲ ನೋಡಬಹುದು’ ಎಂದ ಚಿತ್ರ. ಅಂಕ ಒಂದೇ, ಅರ್ಥ ಬೇರೆ.

ಮೊದಲ ದಿನ ಅಂಕ ಕೊಡುವವರು ಸಾಮಾನ್ಯ ಪ್ರೇಕ್ಷಕರ ಪ್ರತಿನಿಧಿಗಳೂ ಅಲ್ಲ. ಬೆಳಗಿನ ಆಟಕ್ಕೆ ನುಗ್ಗುವವರು ಮೊದಲೇ ಒಲವು ಬೆಳೆಸಿಕೊಂಡವರು. ಸಂಸಾರ ಸಮೇತ ಭಾನುವಾರ ಸಂಜೆ ಬರುವವರ ಅಭಿಪ್ರಾಯ ದಾಖಲಾಗುವಷ್ಟರಲ್ಲಿ ಸೋಮವಾರದ ಕತ್ತರಿ ಆಡಿರುತ್ತದೆ.

ವಿಮರ್ಶೆಗೆ ತಡೆ ಬೇಕೆಂಬ ವಾದ

ದುರುದ್ದೇಶದ ಅಂಕಗಳು, ಹಣ ಪಡೆದು ಬರೆಯುವ ವಿಮರ್ಶೆಗಳು ಚಿತ್ರವನ್ನು ಕೊಲ್ಲುತ್ತಿವೆ ಎಂಬುದು ನಿರ್ಮಾಪಕರ ದೂರು. ಕೇರಳದಲ್ಲಿ ನಿರ್ದೇಶಕರೊಬ್ಬರು 2023ರಲ್ಲಿ ಹೈಕೋರ್ಟ್ ಮೊರೆಹೋದರು. ನ್ಯಾಯಾಲಯಕ್ಕೆ ನೆರವಾಗಲು ನೇಮಕವಾಗಿದ್ದ ವಕೀಲರು, ಬಿಡುಗಡೆಯ ನಂತರ 48 ಗಂಟೆಗಳ ಕಾಲ ವಿಮರ್ಶೆಯಿಂದ ದೂರವಿರಬೇಕೆಂದು 2024ರಲ್ಲಿ ಶಿಫಾರಸು ಮಾಡಿದರು. ತಮಿಳು ನಿರ್ಮಾಪಕರ ಸಂಘವೊಂದು ಮೊದಲ ಮೂರು ದಿನ ವಿಮರ್ಶೆ ನಿಷೇಧಿಸಬೇಕೆಂದು ಕೋರಿದಾಗ ಮದ್ರಾಸ್ ಹೈಕೋರ್ಟ್ 2024ರ ಡಿಸೆಂಬರ್‌ನಲ್ಲಿ ಮಧ್ಯಂತರ ತಡೆ ನೀಡಲು ನಿರಾಕರಿಸಿತು. ಕರ್ನಾಟಕದಲ್ಲಿ, ದರ್ಶನ್ ನಟಿಸಿದ ‘ದಿ ಡೆವಿಲ್’ 2025ರ ಡಿಸೆಂಬರ್‌ನಲ್ಲಿ ತೆರೆ ಕಂಡಾಗ ನ್ಯಾಯಾಲಯದ ಆದೇಶದಂತೆ ‘ಬುಕ್‌ಮೈಶೋ’ದಲ್ಲಿ ಆ ಚಿತ್ರದ ಅಂಕ ಮತ್ತು ಅಭಿಪ್ರಾಯಗಳ ವಿಭಾಗವನ್ನು ಸ್ಥಗಿತಗೊಳಿಸಲಾಯಿತು.

ನಿರ್ಮಾಪಕರ ಆತಂಕ ಆಧಾರರಹಿತವಲ್ಲ. ಆದರೆ ತಡೆಯ ಪರಿಣಾಮ ಎಲ್ಲ ಚಿತ್ರಗಳ ಮೇಲೂ ಒಂದೇ ತೆರನಾಗಿರದು. ತಾರೆಯ ಹೆಸರಿನಿಂದಲೇ ಮೊದಲ ಮೂರು ದಿನ ತುಂಬುವ ಚಿತ್ರಕ್ಕೆ ಮೌನ ಲಾಭದಾಯಕ. ಹೆಸರಿಲ್ಲದ ಚಿತ್ರಕ್ಕೆ ಅದೇ ಮೂರು ದಿನಗಳ ಮಾತೇ ಉಸಿರು. ಬಾಯಿ ಕಟ್ಟಿದರೆ ಮೊದಲು ಸಾಯುವುದು ಸಣ್ಣ ಚಿತ್ರ.

ದರ ಏರಿದಷ್ಟೂ ಕಾಯುವಿಕೆ

ಪ್ರೇಕ್ಷಕ ಮಾತಿಗಾಗಿ ಕಾಯುವುದಕ್ಕೆ ಟಿಕೆಟ್ ದರವೂ ಕಾರಣ. ನಾಲ್ಕು ಜನರ ಕುಟುಂಬ ಮಲ್ಟಿಪ್ಲೆಕ್ಸ್‌ಗೆ ಹೋಗಿ ಬಂದರೆ ಟಿಕೆಟ್, ಪಾಪ್‌ಕಾರ್ನ್, ಪಾರ್ಕಿಂಗ್ ಸೇರಿ ಸಾವಿರ ರೂಪಾಯಿ ದಾಟುವುದು ಸಾಮಾನ್ಯ. ಅಷ್ಟು ಖರ್ಚು ಮಾಡುವವರು ‘ನಾಲ್ಕು ಜನ ಏನಂತಾರೆ ನೋಡೋಣ’ ಎಂದರೆ ತಪ್ಪಲ್ಲ. ಎಷ್ಟೋ ಮಂದಿ ‘ಒಟಿಟಿಗೆ ಬರಲಿ’ ಎಂದು ಮನೆಯಲ್ಲೇ ಉಳಿಯುತ್ತಾರೆ. ಎಲ್ಲರೂ ಬೇರೆಯವರ ಮಾತಿಗೆ ಕಾದರೆ ಮೊದಲು ನೋಡಿ ಹೇಳುವವರು ಯಾರು?

ಟಿಕೆಟ್ ದರಕ್ಕೆ 200 ರೂಪಾಯಿ ಮಿತಿ ಹೇರುವುದಾಗಿ ರಾಜ್ಯ ಸರ್ಕಾರ 2025ರ ಮಾರ್ಚ್‌ನಲ್ಲಿ ಬಜೆಟ್‌ನಲ್ಲಿ ಪ್ರಕಟಿಸಿತು. ಸೆಪ್ಟೆಂಬರ್ 12ರಂದು ಅಧಿಸೂಚನೆ ಹೊರಬಿತ್ತು. ಮಲ್ಟಿಪ್ಲೆಕ್ಸ್ ಮಾಲೀಕರು ಮತ್ತು ಚಿತ್ರ ನಿರ್ಮಾಣ ಸಂಸ್ಥೆಯೊಂದು ಇದನ್ನು ಪ್ರಶ್ನಿಸಿದಾಗ ಹೈಕೋರ್ಟ್ ಅದೇ ತಿಂಗಳು ಮಧ್ಯಂತರ ತಡೆ ನೀಡಿತು. ಪರ–ವಿರೋಧದ ವಾದಗಳೇನೇ ಇರಲಿ, ಹೊಸಬರ ಚಿತ್ರವನ್ನು ಪರೀಕ್ಷಿಸಿ ನೋಡುವ ಧೈರ್ಯಕ್ಕೂ ಟಿಕೆಟ್ ದರಕ್ಕೂ ನೇರ ಸಂಬಂಧವಿದೆ.

ಉಪಯೋಗಕ್ಕೆ ಬರುವ ಅಭಿಪ್ರಾಯ

ಚಿತ್ರ ನೋಡಿ ಕೂತು ಮಾತನಾಡುವ ಪರಂಪರೆ ಕನ್ನಡಿಗರಿಗೆ ಹೊಸದಲ್ಲ. ಬೆಂಗಳೂರಿನಲ್ಲಿ 1971ರಲ್ಲಿ ಆರಂಭವಾದ ಸುಚಿತ್ರ ಫಿಲಂ ಸೊಸೈಟಿ, ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣನವರ ನೇತೃತ್ವದಲ್ಲಿ ನೀನಾಸಂ ಕಟ್ಟಿದ ಚಿತ್ರಸಮಾಜ ಈ ಅಭ್ಯಾಸವನ್ನು ಬೆಳೆಸಿದವು. ಹಳ್ಳಿಯ ಪ್ರೇಕ್ಷಕರೂ ಜಗತ್ತಿನ ಶ್ರೇಷ್ಠ ಚಿತ್ರಗಳನ್ನು ನೋಡಿ ಚರ್ಚಿಸಬಲ್ಲರು ಎಂಬುದನ್ನು ಹೆಗ್ಗೋಡು ತೋರಿಸಿಕೊಟ್ಟಿತು.

ಅಷ್ಟು ದೀರ್ಘ ಚರ್ಚೆ ಪ್ರತಿ ಶುಕ್ರವಾರ ಸಾಧ್ಯವಿಲ್ಲ. ಆದರೆ ಪಕ್ಕದ ಮನೆಯವರಿಗೋ ಕಚೇರಿಯ ಗೆಳೆಯರಿಗೋ ಹೇಳುವ ನಾಲ್ಕು ಮಾತಿನಲ್ಲೂ ಕೆಲವು ಸಂಗತಿಗಳಿದ್ದರೆ ಕೇಳಿದವರು ತಾವೇ ನಿರ್ಧರಿಸಬಲ್ಲರು. ಚಿತ್ರ ಯಾವ ಬಗೆಯದು, ಮಕ್ಕಳನ್ನು ಕರೆದೊಯ್ಯಬಹುದೇ, ಎಲ್ಲಿ ಸೊರಗಿದೆ, ಯಾವುದು ಮನಸ್ಸಿಗೆ ಹಿಡಿಸಿತು ಎಂದು ಹೇಳಿದರೆ ಸಾಕು. ‘ನಗು ಬರುತ್ತದೆ, ಆದರೆ ಕಥೆ ತೆಳು’ ಎಂಬ ಒಂದು ಸಾಲು, ಹತ್ತಕ್ಕೆ ಆರು ಎಂಬ ಅಂಕಕ್ಕಿಂತ ಹೆಚ್ಚು ತಿಳಿಸುತ್ತದೆ. ಕೊನೆಯ ತಿರುವನ್ನು ಬಿಟ್ಟುಕೊಡದಿರುವುದು ಮುಂದೆ ನೋಡುವವರಿಗೆ ತೋರುವ ಮರ್ಯಾದೆ. ಇಷ್ಟವಾಗದಿದ್ದರೆ ಅದನ್ನೂ ಕಾರಣ ಸಹಿತ ಹೇಳಬೇಕು. ಕನ್ನಡ ಚಿತ್ರವೆಂಬ ಕಾರಣಕ್ಕೆ ಸುಳ್ಳೇ ಹೊಗಳಿದರೆ, ಮುಂದಿನ ಸಲ ನಿಜವಾಗಿ ಒಳ್ಳೆಯ ಚಿತ್ರ ಬಂದಾಗ ಆ ಮಾತನ್ನು ಯಾರೂ ನಂಬರು.

ಹೊಸಬರ ಚಿತ್ರ ಇಷ್ಟವಾಗಿದ್ದರೆ ಆ ಮಾತನ್ನು ಭಾನುವಾರದೊಳಗೆ ನಾಲ್ಕು ಜನರಿಗೆ ತಿಳಿಸಬೇಕು. ಸೋಮವಾರ ಯಾವ ಚಿತ್ರಕ್ಕೆ ಸಂಜೆಯ ಆಟ ಉಳಿಯಬೇಕೆಂಬುದು ಅಷ್ಟರಲ್ಲಿ ತೀರ್ಮಾನವಾಗಿರುತ್ತದೆ.