ರೈಲಿನ ವೇಳಾಪಟ್ಟಿಯೊಳಗಿನ ಇಂಗ್ಲಿಷ್

ಪಾಠ ಇಂಗ್ಲಿಷಿನದು, ಮಕ್ಕಳ ಮುಂದಿರುವುದು ರೈಲಿನ ವೇಳಾಪಟ್ಟಿ. ಯಾವ ಗಾಡಿ ಎಷ್ಟು ಗಂಟೆಗೆ ಹೊರಡುತ್ತದೆ, ಯಾವುದು ಬೇಗ ತಲುಪುತ್ತದೆ, ಮಧ್ಯಾಹ್ನದೊಳಗೆ ಊರು ಸೇರಬೇಕಾದವನು ಯಾವುದನ್ನು ಹತ್ತಬೇಕು? ಮೇಷ್ಟ್ರು ಇಂಗ್ಲಿಷಿನಲ್ಲೇ ಕೇಳುತ್ತಾರೆ, ಮಕ್ಕಳು ಲೆಕ್ಕ ಹಾಕಿ ಉತ್ತರಿಸುತ್ತಾರೆ. ಕ್ರಿಯಾಪದದ ರೂಪಗಳ ಗಿಳಿಪಾಠ ಇಲ್ಲವೇ ಇಲ್ಲ. 1979ರಿಂದ 1984ರವರೆಗೆ ಬೆಂಗಳೂರು, ಮದ್ರಾಸು ಮೊದಲಾದೆಡೆಯ ಕೆಲವು ಶಾಲೆಗಳಲ್ಲಿ ನಡೆದ ಈ ಪ್ರಯೋಗವನ್ನು ಭಾಷಾಬೋಧನೆಯ ಜಗತ್ತು ಇಂದಿಗೂ ‘ಬ್ಯಾಂಗಲೋರ್ ಪ್ರಾಜೆಕ್ಟ್’ ಎಂದೇ ಕರೆಯುತ್ತದೆ. ಇದರ ರೂವಾರಿ, ಆಗ ಮದ್ರಾಸಿನ ಬ್ರಿಟಿಷ್ ಕೌನ್ಸಿಲ್‌ನಲ್ಲಿದ್ದ ಎನ್.ಎಸ್. ಪ್ರಭು.

ಪ್ರಭು ಅವರ ವಾದ ಸರಳ, ಆದರೆ ಅಂದಿನ ಮಟ್ಟಿಗೆ ದಿಟ್ಟ. ಮನಸ್ಸು ಅರ್ಥದ ಬೆನ್ನು ಹತ್ತಿದಾಗ ವ್ಯಾಕರಣ ತಾನಾಗಿ ಒಳಗಿಳಿಯುತ್ತದೆ ಎಂಬುದು ಅದು. ನಕ್ಷೆ ನೋಡಿ ದಾರಿ ಹೇಳುವುದು, ಪಟ್ಟಿ ನೋಡಿ ಲೆಕ್ಕ ಹಾಕುವುದು ಇಂಥವೇ ಪಾಠಗಳು. ಮೊದಲು ಇಡೀ ತರಗತಿ ಮೇಷ್ಟ್ರ ಜತೆ ಒಂದು ಸಮಸ್ಯೆಯನ್ನು ಬಿಡಿಸುತ್ತಿತ್ತು. ಆಮೇಲೆ ಅದೇ ಬಗೆಯ ಇನ್ನೊಂದನ್ನು ಪ್ರತಿ ಮಗುವೂ ತಾನೇ ಬಿಡಿಸಬೇಕಿತ್ತು. ತಪ್ಪು ವಾಕ್ಯ ಬಂದರೆ ಮೇಷ್ಟ್ರು ಸಹಜವಾಗಿ ತಿದ್ದಿ ಮುಂದೆ ಸಾಗುತ್ತಿದ್ದರು, ಅದನ್ನೇ ಹಿಡಿದು ಉಪದೇಶಕ್ಕೆ ಇಳಿಯುತ್ತಿರಲಿಲ್ಲ. 1987ರಲ್ಲಿ ಈ ಅನುಭವ ಪುಸ್ತಕವಾಯಿತು. ಇಂದು ಹಲವು ದೇಶಗಳ ಶಿಕ್ಷಕ ತರಬೇತಿಯಲ್ಲಿ ಕಲಿಸುವ ‘ಟಾಸ್ಕ್ ಆಧಾರಿತ’ ಬೋಧನೆಯ ಮೂಲಗಳಲ್ಲಿ ನಮ್ಮ ಈ ಶಾಲೆಗಳೂ ಸೇರಿವೆ. ಬೆಂಗಳೂರಿನ ಸ್ಪೋಕನ್ ಇಂಗ್ಲಿಷ್ ಬೋರ್ಡುಗಳಲ್ಲಿ ಮಾತ್ರ ಇದರ ಸುಳಿವು ಅಪರೂಪ.

ಹಾಗಾದರೆ ಪದಗಳು ಎಷ್ಟು ಬೇಕು? ಈ ಪ್ರಶ್ನೆಯನ್ನು ಶಿಸ್ತಾಗಿ ಹಿಡಿದವರಲ್ಲಿ ಪ್ರಮುಖ ಮೈಕೆಲ್ ವೆಸ್ಟ್. ಢಾಕಾದಲ್ಲಿ ಶಿಕ್ಷಣಾಧಿಕಾರಿಯಾಗಿದ್ದ ಅವರು, ಬಂಗಾಳಿ ಮಕ್ಕಳು ಅಪರೂಪದ ಪದಗಳಿಂದ ಕಿಕ್ಕಿರಿದ ಪಠ್ಯಗಳ ಮುಂದೆ ಸೋಲುವುದನ್ನು ಕಂಡರು. 1953ರಲ್ಲಿ ಅವರು ಪ್ರಕಟಿಸಿದ ಪಟ್ಟಿಯಲ್ಲಿದ್ದದ್ದು ಸುಮಾರು 2,000 ಪದಗಳು. ಸಾಮಾನ್ಯ ಇಂಗ್ಲಿಷ್ ಬರಹದ ಹೆಚ್ಚುಕಡಿಮೆ ಶೇ 80ರಷ್ಟು ಈ ಪದಗಳಲ್ಲೇ ಸಾಗುತ್ತದೆ. ಪತ್ರಿಕೆ, ಕಾದಂಬರಿಗಳನ್ನು ನಿಘಂಟಿನ ಹಂಗಿಲ್ಲದೆ ಓದಲು 8,000ದಿಂದ 9,000 ಪದಕುಟುಂಬಗಳು (ಒಂದು ಮೂಲಪದ ಮತ್ತು ಅದರ ರೂಪಗಳೆಲ್ಲ ಸೇರಿ ಒಂದು ಕುಟುಂಬ) ಬೇಕು ಎಂದು ನ್ಯೂಜಿಲೆಂಡಿನ ಪಾಲ್ ನೇಷನ್ 2006ರಲ್ಲಿ ಲೆಕ್ಕ ಕೊಟ್ಟರು. ಆದರೆ ಮೊದಲ ಎರಡು ಸಾವಿರ ನಾಲಿಗೆಯ ತುದಿಗೆ ಬಾರದವರು ಉಳಿದದ್ದರ ಚಿಂತೆ ಮಾಡಬೇಕಿಲ್ಲ.

ಕನ್ನಡಿಗರು ಇಲ್ಲಿ ಸೊನ್ನೆಯಿಂದ ಶುರುಮಾಡುವವರೂ ಅಲ್ಲ. ಪಂಪು, ಮೋಟರು, ಲೋನು, ಸಬ್ಸಿಡಿ, ಡೆಲಿವರಿ, ಡಿಸ್‌ಚಾರ್ಜ್ ಎಂದೆಲ್ಲ ಶಾಲೆ ಕಾಣದ ಅಜ್ಜಿಯೂ ಮಾತಾಡುತ್ತಾರೆ. ಪದ ಗೊತ್ತಿದೆ, ಬೇಕಾದಾಗ ಅದನ್ನು ವಾಕ್ಯದೊಳಗೆ ಕೂರಿಸುವ ರೂಢಿ ಇಲ್ಲ.

ಕಲಿತದ್ದು ಜಾರುವುದೂ ಹೊಸ ಸಂಗತಿಯಲ್ಲ. ಜರ್ಮನಿಯ ಹೆರ್ಮನ್ ಎಬ್ಬಿಂಗ್‌ಹೌಸ್ ಅರ್ಥವಿಲ್ಲದ ಅಕ್ಷರಗುಚ್ಛಗಳನ್ನು ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೆತುಹೋಯಿತೆಂದು ಅಳೆದು 1885ರಲ್ಲಿ ಪ್ರಕಟಿಸಿದರು. ಮರೆವು ಮೊದಲ ಕೆಲವು ಗಂಟೆಗಳಲ್ಲೇ ಹೆಚ್ಚು. ಒಂದೇ ಪಟ್ಟಾಗಿ ಓದುವುದಕ್ಕಿಂತ ದಿನ ಬಿಟ್ಟು ದಿನ ತಿರುವಿಹಾಕಿದರೆ ಹೆಚ್ಚು ಉಳಿಯುತ್ತದೆ. ಇದನ್ನೇ 1970ರ ದಶಕದಲ್ಲಿ ಸೆಬಾಸ್ಟಿಯನ್ ಲೈಟ್ನರ್ ಎಂಬ ಪತ್ರಕರ್ತ ಚೀಟಿಗಳ ಪೆಟ್ಟಿಗೆಯಾಗಿಸಿದರು: ಸರಿಯುತ್ತರ ಬಂದ ಚೀಟಿ ಮುಂದಿನ ಖಾನೆಗೆ, ತಪ್ಪಿದ್ದು ಮೊದಲ ಖಾನೆಗೆ. ಆಂಡ್ರಾಯ್ಡ್‌ನಲ್ಲಿ ಉಚಿತವಾಗಿ ಸಿಗುವ ‘ಆಂಕಿ’ ತಂತ್ರಾಂಶ ಮೊಬೈಲಿನಲ್ಲಿ ಮಾಡುವುದೂ ಇದೇ ಜಾತಿಯ ಕೆಲಸ. ಚೀಟಿಯಲ್ಲಿ ಒಂಟಿ ಪದ ಬರೆಯದೆ ಅದರ ಜೊತೆಗಾರನನ್ನೂ ಬರೆಯುವುದು ಜಾಣತನ. ಜೋರು ಮಳೆ ‘ಹೆವಿ ರೈನ್’, ಗಟ್ಟಿ ಕಾಫಿ ‘ಸ್ಟ್ರಾಂಗ್ ಕಾಫಿ’. ಎರಡನ್ನೂ ಅದಲುಬದಲು ಮಾಡಿದರೆ ವ್ಯಾಕರಣ ಸರಿಯಿದ್ದೂ ಮಾತು ಮುಗ್ಗರಿಸುತ್ತದೆ.

ಪ್ರಭು ತಮ್ಮ ಮಕ್ಕಳನ್ನು ಮಾತಾಡಿ ಎಂದು ಒತ್ತಾಯಿಸಲಿಲ್ಲ. ಕೇಳಿ ಅರ್ಥವಾದರೆ ಮಾತು ಹಿಂದೆಯೇ ಬರುತ್ತದೆಂಬ ಭರವಸೆ ಅವರದು. ಮುಂದಿನ ತಿಂಗಳು ಸಂದರ್ಶನವಿರುವ ಹುಬ್ಬಳ್ಳಿಯ ಪದವೀಧರೆಗೆ ಅಷ್ಟು ಪುರುಸೊತ್ತು ಎಲ್ಲಿ? ಅಂಥವರಿಗೆ ‘ನಾಲ್ಕು–ಮೂರು–ಎರಡು’ ಎಂಬ ಅಭ್ಯಾಸವಿದೆ. ಒಂದೇ ವಿಷಯವನ್ನು ಮೊದಲ ಕೇಳುಗರಿಗೆ ನಾಲ್ಕು ನಿಮಿಷ, ಎರಡನೆಯವರಿಗೆ ಮೂರು, ಮೂರನೆಯವರಿಗೆ ಎರಡೇ ನಿಮಿಷದಲ್ಲಿ ಹೇಳಬೇಕು. ಕೇಳುಗರು ಬದಲಾಗುವುದರಿಂದ ಕತೆ ಹಳಸುವುದಿಲ್ಲ. ಸಮಯ ಕುಗ್ಗುವುದರಿಂದ ತಡವರಿಕೆಗೆ ಜಾಗವಿಲ್ಲ. ನೇಷನ್ ಇದನ್ನು ಪರೀಕ್ಷಿಸಿ, ಮೂರನೆಯ ಸರದಿಗೆ ವೇಗ ಹೆಚ್ಚುವುದನ್ನು ತೋರಿಸಿದ್ದಾರೆ. ಜತೆಗಾರರಿಲ್ಲದವರು ಮೊಬೈಲಿಗೆ ಹೇಳಿ ರೆಕಾರ್ಡ್ ಮಾಡಿಕೊಳ್ಳಬಹುದು.

ಉಚ್ಚಾರಣೆಯ ತೊಡಕೇ ಬೇರೆ. ಕನ್ನಡದ ಅಕ್ಷರಗಳು ತಮ್ಮ ಹ್ರಸ್ವ-ದೀರ್ಘದಂತೆ ಸಮನಾಗಿ ಸಾಗುತ್ತವೆ. ಇಂಗ್ಲಿಷ್ ಒಂದೆಡೆ ಒತ್ತಿ ಉಳಿದದ್ದನ್ನು ನುಂಗುತ್ತದೆ. ‘ಫೋಟೋಗ್ರಾಫ್’ನಲ್ಲಿ ಒತ್ತು ಮೊದಲಿಗೆ, ‘ಫೊಟಾಗ್ರಫರ್’ನಲ್ಲಿ ಎರಡನೆಯದಕ್ಕೆ. ಇದು ಪುಸ್ತಕದಿಂದ ಬರುವುದಿಲ್ಲ. ಸುದ್ದಿವಾಚಕರ ದನಿಯ ಹಿಂದೆಯೇ, ಅರೆಕ್ಷಣ ತಡವಾಗಿ, ಗಟ್ಟಿಯಾಗಿ ನುಡಿಯುತ್ತ ಹೋಗುವ ‘ಶ್ಯಾಡೋಯಿಂಗ್’ ಇಲ್ಲಿ ಕೈಹಿಡಿಯುತ್ತದೆ. ಮನೆಯವರು ನಕ್ಕರೆ ನಗಲಿ. ಲಂಡನ್ನಿನವರಂತೆ ನುಡಿಯಬೇಕೆಂಬ ಹಟವಂತೂ ಬೇಡ, ಎದುರಿನವರಿಗೆ ತಿಳಿದರೆ ಸಾಕು.

ಮೂರೇ ತಿಂಗಳಲ್ಲಿ ನಿರರ್ಗಳ ಇಂಗ್ಲಿಷ್ ಎಂದು ಕರೆಯುವ ಕೋಚಿಂಗ್ ಕೇಂದ್ರಕ್ಕೆ ಸೇರುವ ಯೋಚನೆಯಿದ್ದರೆ, ಶುಲ್ಕ ಕಟ್ಟುವ ಮೊದಲು ಒಂದು ತರಗತಿಯಲ್ಲಿ ಸುಮ್ಮನೆ ಕುಳಿತು ನೋಡಿ. ಆ ಒಂದು ಗಂಟೆಯಲ್ಲಿ ಮೇಷ್ಟ್ರು ಎಷ್ಟು ಹೊತ್ತು ಮಾತಾಡಿದರು, ಕಲಿಯಲು ಬಂದವರು ಎಷ್ಟು ಹೊತ್ತು ಎಂದು ಗಡಿಯಾರ ಹಿಡಿದು ಅಳೆಯಿರಿ. ಮೇಷ್ಟ್ರದ್ದೇ ಬಹುಪಾಲು ಎಂದಾದರೆ ಹಣ ಜೇಬಿನಲ್ಲೇ ಇರಲಿ.