ಆ ಡಬ್ಬಿ ನಿಮ್ಮ ಕಾರಿಗೆ ಬೇಕಾ?

ಬೆಂಗಳೂರಿನ ಒಂದು ಗ್ಯಾರೇಜಿನಲ್ಲಿ ಕೆಲಸಕ್ಕೆ ಸಂದರ್ಶನ ನಡೆದಿತ್ತು. ಎದುರು ಕುಳಿತಿದ್ದ ಮಾಲೀಕರು ನನ್ನ ಡಿಪ್ಲೊಮಾ ಅಂಕಪಟ್ಟಿಯನ್ನು ತೆರೆದೂ ನೋಡಲಿಲ್ಲ. ‘ಸೂಪರ್‌ಚಾರ್ಜರ್ ಇರೋ ಕಾರಿನವರೊಬ್ಬರು ಬಂದು ಆಯಿಲ್ ಕ್ಯಾಚ್ ಕ್ಯಾನ್ ಹಾಕಿಕೊಡಿ ಅಂತಾರೆ. ನೀನು ಏನು ಹೇಳ್ತೀಯ?’ ಎಂದು ನೇರವಾಗಿ ಕೇಳಿದರು.

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ನಾಲ್ಕು ತಿಂಗಳ ಹಿಂದೆ ಅದೇ ಡಬ್ಬಿಯ ಸಲುವಾಗಿ ಕಾಕಾನ ಕೈಲಿ ಊರ ಮುಂದೆ ಬೈಸಿಕೊಂಡಿದ್ದೆ.

ನಮ್ಮೂರು ಯಾದಗಿರಿ ಜಿಲ್ಲೆ ಸುರಪುರ ತಾಲ್ಲೂಕಿನ ಕಕ್ಕೇರಾ. ನಾರಾಯಣಪುರ ಎಡದಂಡೆ ಕಾಲುವೆಯ ಸೀಮೆ. ನಮ್ಮಲ್ಲಿ ಓಡಾಡುವುದು ಟ್ರ್ಯಾಕ್ಟರ್, ಟಂಟಂ, ಪಿಕಪ್. ಸೂಪರ್‌ಚಾರ್ಜರ್ ಕಾರನ್ನು ನಾನು ನೋಡಿದ್ದು ಮೊಬೈಲಿನಲ್ಲಿ ಮಾತ್ರ. ಡಿಪ್ಲೊಮಾ ಮುಗಿಸಿ ಕೆಲಸ ಹುಡುಕುತ್ತಾ ಮನೆಯಲ್ಲಿ ಕುಳಿತಿದ್ದಾಗ ದಿನಕ್ಕೆ ಅಂಥ ಹತ್ತಾರು ವಿಡಿಯೊ ನೋಡುತ್ತಿದ್ದೆ. ಎಲ್ಲದರಲ್ಲೂ ಬಾನೆಟ್ ಒಳಗೆ ಬಣ್ಣಬಣ್ಣದ ಒಂದು ಅಲ್ಯೂಮಿನಿಯಂ ಡಬ್ಬಿ ಮಿಂಚುತ್ತಿತ್ತು. ಅದನ್ನು ಬಿಚ್ಚಿ, ಒಳಗಿನ ಕಪ್ಪು ಎಣ್ಣೆಯನ್ನು ಲೋಟಕ್ಕೆ ಸುರಿದು, ‘ನೋಡಿ, ಇದೆಲ್ಲ ನಿಮ್ಮ ಇಂಜಿನ್ ಒಳಗೆ ಹೋಗುತ್ತಿತ್ತು’ ಎನ್ನುತ್ತಿದ್ದರು. ಹೆದರಿಕೆ ಹುಟ್ಟಿಸಲು ಅಷ್ಟು ಸಾಕು.

ನಮ್ಮ ಕಾಕಾನದು ಟರ್ಬೊ ಡೀಸೆಲ್ ಪಿಕಪ್. ಸುಗ್ಗಿಯಲ್ಲಿ ಭತ್ತದ ಚೀಲ ಹೇರಿಕೊಂಡು ತಿಂಥಣಿ ಬ್ರಿಡ್ಜ್ ದಾಟಿ ಸಿಂಧನೂರಿನ ಮಿಲ್‌ಗೆ ಹೋಗುತ್ತದೆ. ಮನೆಯ ಅನ್ನ ನಡೆಯುವುದು ಅದರಿಂದಲೇ. ಒಂದು ದಿನ ಇಂಟರ್‌ಕೂಲರ್ ಪೈಪಿನ ಹತ್ತಿರ ಎಣ್ಣೆ ಜಿನುಗುವುದನ್ನು ಕಂಡೆ. ‘ಕಾಕಾ, ಕ್ಯಾಚ್ ಕ್ಯಾನ್ ಹಾಕಿದ್ರ ಸರಿಹೋಗ್ತದ’ ಎಂದೆ. ಒಂದು ಲೀಟರಿನ ಸ್ಟೀಲ್ ನೀರಿನ ಬಾಟಲಿಗೆ ಎರಡು ತೂತು ಕೊರೆಸಿ, ಒಳಗೆ ಪಾತ್ರೆ ತಿಕ್ಕುವ ಸ್ಟೀಲ್ ನಾರು ತುರುಕಿ, ಸಿಕ್ಕ ಸಣ್ಣ ಪೈಪು ಜೋಡಿಸಿ ಬ್ರೀದರ್‌ಗೆ ಕಟ್ಟಿದೆ. ಖರ್ಚು ಮುನ್ನೂರು ರೂಪಾಯಿ. ಮೊಬೈಲಿನಲ್ಲಿ ಫೋಟೊ ಕೂಡ ಹೊಡೆದುಕೊಂಡೆ.

ಮೂರನೇ ದಿನ ಲೋಡ್ ಹೊತ್ತ ಗಾಡಿ ಬ್ರಿಡ್ಜ್ ದಾಟಿ ಸ್ವಲ್ಪ ದೂರ ಹೋಗುವುದರೊಳಗೆ ಡಿಪ್‌ಸ್ಟಿಕ್ ತಾನಾಗಿ ಮೇಲೆದ್ದು ಎಣ್ಣೆ ಚಿಮ್ಮಿತ್ತು. ಹಿಂದಿನ ಆಯಿಲ್ ಸೀಲ್ ಕೂಡ ಸೋರತೊಡಗಿತ್ತು. ಚೀಲಗಳನ್ನು ಬೇರೆ ಗಾಡಿಗೆ ಹಾಕಿಸಿ, ಪಿಕಪ್ ಎಳೆಸಿಕೊಂಡು ಬಂದು, ಗೇರ್‌ಬಾಕ್ಸ್ ಇಳಿಸಿ ಸೀಲ್ ಹಾಕಿಸಬೇಕಾಯಿತು. ನಾಲ್ಕೂವರೆ ಸಾವಿರ ಖರ್ಚು, ಎರಡು ದಿನದ ಬಾಡಿಗೆ ನಷ್ಟ. ‘ನಿನ್ನ ಡಬ್ಬಿ ನನ್ನ ಸುಗ್ಗಿನೇ ತಿಂತು ನೋಡಪಾ’ ಎಂದ ಕಾಕಾ. ಅದಕ್ಕಿಂತ ಹೆಚ್ಚು ಚುಚ್ಚಿದ್ದು ಗಾಡಿ ರಿಪೇರಿ ಮಾಡಿದ ಉಸ್ತಾದರ ಮಾತು: ‘ಇಂಜಿನ್ ಮೂಗು ಮುಚ್ಚಿದ್ರ ಅದು ಬಾಯಿಲೆ ಉಸಿರು ಬಿಡ್ತದ. ನೀ ಮೂಗೇ ಹೊಲಿದು ಬಿಟ್ಟೀದಿ.’

ಓದಿದ ಪಾಠ ನನಗೆ ಅರ್ಥವಾಗಿದ್ದು ಆಗ. ಇಂಜಿನ್ನಿನಲ್ಲಿ ಇಂಧನ ಉರಿದಾಗ ಹುಟ್ಟುವ ಅನಿಲದಲ್ಲಿ ಸ್ವಲ್ಪ ಭಾಗ ಪಿಸ್ಟನ್ ರಿಂಗ್‌ಗಳ ಸಂದಿಯಿಂದ ಕೆಳಗಿನ ಕ್ರ್ಯಾಂಕ್‌ಕೇಸ್‌ಗೆ ನುಸುಳುತ್ತದೆ. ಇದಕ್ಕೆ ಬ್ಲೋ-ಬೈ ಎಂದು ಹೆಸರು. ಹೊಸ ಇಂಜಿನ್ನಿನಲ್ಲೂ ಇದು ತಪ್ಪದು. ಆ ಅನಿಲ ಹೊರಗೆ ಹೋಗದಿದ್ದರೆ ಒಳಗೆ ಒತ್ತಡ ಏರಿ ಸೀಲ್‌ಗಳು ಬಾಯಿ ಬಿಡುತ್ತವೆ. ಹಿಂದಿನ ಕಾಲದ ಕಾರುಗಳು ಒಂದು ಕೊಳವೆಯ ಮೂಲಕ ಅದನ್ನು ರಸ್ತೆಗೇ ಬಿಡುತ್ತಿದ್ದವು. ಹೊಗೆಮಂಜಿನಿಂದ ಕಂಗೆಟ್ಟ ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 1960ರ ದಶಕದ ಆರಂಭದಲ್ಲಿ ಈ ಅನಿಲವನ್ನು ಮತ್ತೆ ಇಂಜಿನ್ನಿಗೇ ಕಳಿಸಿ ಸುಡುವ ವ್ಯವಸ್ಥೆ ಬಂತು. ಅದೇ ಪಿಸಿವಿ. ಇಂದು ಎಲ್ಲ ಪೆಟ್ರೋಲ್ ಕಾರುಗಳಲ್ಲೂ ಅದು ಇರುತ್ತದೆ.

ತೊಂದರೆ ಏನೆಂದರೆ ಆ ಅನಿಲ ಬರಿಗೈಲಿ ಹೋಗುವುದಿಲ್ಲ, ಎಣ್ಣೆಯ ಸಣ್ಣ ಹನಿಗಳನ್ನೂ ಹೊತ್ತೊಯ್ಯುತ್ತದೆ. ಸೂಪರ್‌ಚಾರ್ಜರ್ ಎಂದರೆ ಇಂಜಿನ್ನಿನ ಬೆಲ್ಟ್‌ನಿಂದಲೇ ತಿರುಗಿ ಗಾಳಿಯನ್ನು ಒತ್ತಿ ತುಂಬುವ ಯಂತ್ರ. ಬೆಂಗಳೂರಿನ ರಸ್ತೆಗಳಲ್ಲಿ ‘ಕೊಂಪ್ರೆಸರ್’ ಎಂದು ಹಿಂದೆ ಬರೆದಿರುವ ಹಳೆಯ ಮರ್ಸಿಡಿಸ್‌ನಲ್ಲಿ, ಜಾಗ್ವಾರ್ ಎಫ್-ಟೈಪ್‌ನ 5 ಲೀಟರ್ ವಿ8ನಲ್ಲಿ ಇರುವುದು ಇದೇ. ನಿಧಾನವಾಗಿ ಓಡಿಸುವಾಗ ಇಂಟೇಕ್‌ನಲ್ಲಿ ಎಳೆತ ಇರುತ್ತದೆ, ಅನಿಲ ಪಿಸಿವಿ ವಾಲ್ವ್ ಮೂಲಕ ಹೋಗುತ್ತದೆ. ಜೋರಾಗಿ ಒತ್ತಿದಾಗ ಇಂಟೇಕ್‌ನಲ್ಲಿ ಒತ್ತಡ ತುಂಬಿ ಆ ವಾಲ್ವ್ ಮುಚ್ಚಿಕೊಳ್ಳುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಬ್ಲೋ-ಬೈ ಕೂಡ ಹೆಚ್ಚು. ಆಗ ಅನಿಲ ಬ್ರೀದರ್ ದಾರಿ ಹಿಡಿದು ಸೂಪರ್‌ಚಾರ್ಜರ್‌ನ ಬಾಯಿಗೇ ಬರುತ್ತದೆ. ರೋಟರ್‌ಗೆ, ಇಂಟರ್‌ಕೂಲರ್‌ಗೆ ಎಣ್ಣೆ ಮೆತ್ತಿಕೊಳ್ಳುತ್ತದೆ. ಎಣ್ಣೆ ಮೆತ್ತಿದ ಇಂಟರ್‌ಕೂಲರ್ ಗಾಳಿಯನ್ನು ಸರಿಯಾಗಿ ತಣಿಸದು. ಪೆಟ್ರೋಲಿನ ಜೊತೆ ಎಣ್ಣೆ ಸೇರಿದರೆ ಆಕ್ಟೇನ್ ಗುಣ ಇಳಿದು ನಾಕಿಂಗ್ ಆಗುವ ಸಂಭವವೂ ಹೆಚ್ಚು. ಆಗ ಕಂಪ್ಯೂಟರ್ ಕಿಡಿಯ ಸಮಯವನ್ನು ಹಿಂದಕ್ಕೆ ತಳ್ಳಿ ಶಕ್ತಿಯನ್ನು ಕಡಿಮೆ ಮಾಡುತ್ತದೆ.

ಹಾಗಾಗಿ ಡಬ್ಬಿಯ ಹಿಂದಿನ ಯೋಚನೆ ಸುಳ್ಳಲ್ಲ. ಪ್ರಶ್ನೆ ಇರುವುದು ಯಾರಿಗೆ ಬೇಕು ಎಂಬುದರಲ್ಲಿ.

ಸಂದರ್ಶನದಲ್ಲಿ ನಾನು ಹೇಳಿದ್ದಿಷ್ಟು: ‘ಸರ್, ಹಾಕ್ತೀನಿ ಅಂತಾಗಲಿ ಬೇಡ ಅಂತಾಗಲಿ ಮೊದಲೇ ಹೇಳಲ್ಲ. ಗಾಡಿ ಎಲ್ಲಿ, ಹೆಂಗೆ ಓಡಿಸ್ತೀರಿ? ಸಾವಿರ ಕಿಲೋಮೀಟರಿಗೆ ಎಷ್ಟು ಎಣ್ಣೆ ಕಡಿಮೆ ಆಗ್ತದೆ? ಈ ಎರಡು ಕೇಳ್ತೀನಿ. ಆಮೇಲೆ ಇಂಟೇಕ್ ಪೈಪ್ ಬಿಚ್ಚಿ ನೋಡ್ತೀನಿ. ಬೆರಳಿಗೆ ತೆಳ್ಳಗೆ ಎಣ್ಣೆ ಹತ್ತಿದರೆ ಅದು ಸಹಜ. ಕೆರೆಯಂತೆ ನಿಂತಿದ್ದರೆ ಕಂಪ್ರೆಷನ್ ಪರೀಕ್ಷೆ ಮಾಡ್ತೀನಿ.’

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಡಬ್ಬಿ ಹಾಕಿದರೆ ನಮಗೆ ಲಾಭ. ಬಂದ ಗಿರಾಕಿಯನ್ನು ಬೇಡ ಅಂತ ವಾಪಸ್ ಕಳಿಸ್ತೀಯಾ?’ ಎಂದರು. ಕೆಲಸ ಕೈ ತಪ್ಪಿತು ಎಂದುಕೊಂಡೆ. ಆದರೂ ಕಾಕಾನ ಪಿಕಪ್ ಕಥೆಯನ್ನು ಪೂರ್ತಿ ಹೇಳಿದೆ. ಆ ಗಾಡಿಯ ನಿಜವಾದ ರೋಗ ಸವೆದ ರಿಂಗ್. ಆಯಿಲ್ ಹಾಕುವ ಮುಚ್ಚಳ ತೆಗೆದರೆ ಬುಸುಬುಸು ಹೊಗೆ ಬರುತ್ತಿತ್ತು. ಉಸ್ತಾದರು ಅದನ್ನು ಒಂದು ನಿಮಿಷದಲ್ಲಿ ಕಂಡುಹಿಡಿದರು. ನನ್ನ ಡಬ್ಬಿ ಸರಿಯಾಗಿ ಕೆಲಸ ಮಾಡಿದ್ದರೂ ರೋಗವನ್ನು ಮುಚ್ಚಿಡುತ್ತಿತ್ತೇ ಹೊರತು ವಾಸಿ ಮಾಡುತ್ತಿರಲಿಲ್ಲ. ಅವರು ನಕ್ಕು, ‘ಸೋಮವಾರ ಬಾ. ಮೂರು ತಿಂಗಳು ನೋಡೋಣ’ ಎಂದರು.

ಆ ಮೂರು ತಿಂಗಳಲ್ಲಿ ಎರಡೂ ಬಗೆಯ ಕಾರು ಕಂಡೆ. ಒಬ್ಬರು ಸೂಪರ್‌ಚಾರ್ಜರ್ ಇರುವ ಹಳೆಯ ಜರ್ಮನ್ ಕಾರು ತಂದು, ಜೊತೆಗೆ ತಾವೇ ಕೊಂಡ ಡಬ್ಬಿಯನ್ನೂ ಕೊಟ್ಟರು. ಮನೆಯಿಂದ ಆಫೀಸಿಗೆ, ಭಾನುವಾರ ನಂದಿ ಬೆಟ್ಟಕ್ಕೆ, ಅಷ್ಟೇ ಅವರ ಓಡಾಟ. ಪೈಪ್ ಬಿಚ್ಚಿದರೆ ಬೆರಳಿಗೆ ಹತ್ತುವಷ್ಟು ಎಣ್ಣೆಯೂ ಕಷ್ಟ. ಆ ಡಬ್ಬಿಯೊಳಗೆ ಜಾಲರಿಯಾಗಲಿ ತಡೆಗೋಡೆಯಾಗಲಿ ಇರಲಿಲ್ಲ, ಖಾಲಿ ಪಾತ್ರೆ. ಅದರಲ್ಲಿ ಅನಿಲ ಎಣ್ಣೆಯ ಸಮೇತ ಒಳಗೆ ಬಂದು ಹಾಗೆಯೇ ಹೊರಗೆ ಹೋಗುತ್ತದೆ. ಹಾಕಬೇಡಿ ಎಂದೆವು. ಹಳೆಯದಾಗಿದ್ದ ಪಿಸಿವಿ ವಾಲ್ವ್ ಬದಲಿಸಿ ಕಳಿಸಿದೆವು.

ಇನ್ನೊಬ್ಬರು ಚೆನ್ನೈ ಹತ್ತಿರದ ರೇಸ್ ಟ್ರ್ಯಾಕಿನಲ್ಲಿ ಕಾರು ಓಡಿಸುವವರು. ಸೂಪರ್‌ಚಾರ್ಜರ್‌ನ ಪುಲ್ಲಿ ಚಿಕ್ಕದು ಮಾಡಿಸಿ ಬೂಸ್ಟ್ ಏರಿಸಿದ್ದರು. ಉದ್ದನೆಯ ತಿರುವಿನಲ್ಲಿ ಎಣ್ಣೆ ಒಂದು ಬದಿಗೆ ಸರಿದು ಬ್ರೀದರ್‌ಗೆ ನುಗ್ಗುತ್ತದೆ. ಇಂಥ ಕಾರಿಗೆ ಡಬ್ಬಿ ಬೇಕೇ ಬೇಕು: ಒಳಗೆ ತಡೆಗೋಡೆ ಇರುವುದು, ಮೂಲ ಪೈಪಿನಷ್ಟೇ ಅಗಲದ ಪೈಪು, ಇಂಜಿನ್ ಬಿಸಿಯಿಂದ ದೂರದ ಜಾಗ, ಕೆಳಗೆ ಎಣ್ಣೆ ಇಳಿಸುವ ನಲ್ಲಿ. ನೇರ ಇಂಜೆಕ್ಷನ್ ಇಂಜಿನ್ನುಗಳಲ್ಲೂ ಉಪಯೋಗವಿದೆ. ಅಲ್ಲಿ ಪೆಟ್ರೋಲ್ ಇಂಟೇಕ್ ವಾಲ್ವಿನ ಬೆನ್ನು ತೊಳೆಯುವುದಿಲ್ಲ, ಹಾಗಾಗಿ ಎಣ್ಣೆ ಸುಟ್ಟು ಇಂಗಾಲವಾಗಿ ಕೂರುತ್ತದೆ. ಡಬ್ಬಿ ಅದನ್ನು ನಿಧಾನ ಮಾಡಬಹುದು, ಪೂರ್ತಿ ತಡೆಯದು. ಈಗಾಗಲೇ ಕೂತಿರುವುದನ್ನಂತೂ ತೆಗೆಯದು. ಅದಕ್ಕೆ ಅಕ್ರೋಟ್ ಚಿಪ್ಪಿನ ಪುಡಿಯನ್ನು ಗಾಳಿಯ ರಭಸಕ್ಕೆ ಊದಿ ಉಜ್ಜಬೇಕು.

ಫಾರ್ಮುಲಾ ಸ್ಟೂಡೆಂಟ್ ಸ್ಪರ್ಧೆಗೆ ಕಾರು ಕಟ್ಟುವ ಕಾಲೇಜು ಗೆಳೆಯರಿಗೆ ಇದು ಆಯ್ಕೆಯೇ ಅಲ್ಲ. ಟ್ರ್ಯಾಕಿಗೆ ಎಣ್ಣೆ ಚೆಲ್ಲಿ ಹಿಂದಿನವರು ಜಾರಬಾರದೆಂದು ಅಲ್ಲಿನ ನಿಯಮವೇ ಕ್ಯಾಚ್ ಕ್ಯಾನ್ ಕೇಳುತ್ತದೆ. ಇಂಜಿನ್ನಿನ ಎಣ್ಣೆಯ ಹತ್ತನೇ ಒಂದು ಭಾಗ ಅಥವಾ 0.9 ಲೀಟರ್, ಯಾವುದು ಹೆಚ್ಚೋ ಅಷ್ಟು ಹಿಡಿಯಬೇಕು. ರಸ್ತೆಯ ಕಾರಿನಲ್ಲಿ ಮಾತ್ರ ಡಬ್ಬಿಯ ಇನ್ನೊಂದು ಬಾಯಿಯನ್ನು ಗಾಳಿಗೆ ಬಿಡಬಾರದು, ಇಂಟೇಕ್‌ಗೇ ಮರಳಿ ಜೋಡಿಸಬೇಕು. ಕ್ರ್ಯಾಂಕ್‌ಕೇಸ್ ಅನಿಲವನ್ನು ಹೊರಗೆ ಬಿಡುವುದನ್ನು ಹೊಗೆ ನಿಯಮಗಳು ಒಪ್ಪುವುದಿಲ್ಲ. ವಾರಂಟಿ ಇರುವ ಕಾರಾದರೆ ಕೈ ಹಾಕುವ ಮುಂಚೆ ಕಂಪನಿಯನ್ನು ಕೇಳುವುದು ಒಳ್ಳೆಯದು. ಡಬ್ಬಿ ಹಾಕಿಸಿ ಮರೆತರೂ ಕಷ್ಟವೇ. ತುಂಬಿದ ಡಬ್ಬಿಯ ಎಣ್ಣೆ ಒಮ್ಮೆಲೇ ಇಂಜಿನ್ನಿಗೆ ಹೋಗಬಹುದು.

ಮೂರು ತಿಂಗಳು ಮುಗಿದ ಮೇಲೆ ಕೆಲಸ ಕಾಯಂ ಆಯಿತು. ಮೊದಲ ಪೂರ್ತಿ ಸಂಬಳದಲ್ಲಿ ಕಾಕಾನ ಇಂಜಿನ್ನಿಗೆ ರಿಂಗ್ ಸೆಟ್ ಕೊಡಿಸಿದೆ. ಕೂಡಿಸಿದ್ದು ಅದೇ ಉಸ್ತಾದರು. ಪಕ್ಕದಲ್ಲಿ ನಿಂತು ಪಾನಾ ಕೊಡುವ ಕೆಲಸ ನನ್ನದು. ಇಂಟರ್‌ಕೂಲರ್ ಪೈಪ್ ಈಗ ಒಣಗಿದೆ. ನಾನು ಮಾಡಿದ್ದ ಆ ಸ್ಟೀಲ್ ಬಾಟಲಿಯನ್ನು ಕಾಕಾ ಎಸೆದಿಲ್ಲ, ಪಿಕಪ್‌ನ ಸೀಟಿನ ಹಿಂದೆ ಇಟ್ಟುಕೊಂಡಿದ್ದಾನೆ. ಊರಿಗೆ ಹೋದಾಗಲೆಲ್ಲ ಅದನ್ನು ಎತ್ತಿ ತೋರಿಸಿ, ‘ಏನಪಾ ಇಂಜಿನಿಯರ್, ಬೇಕೇನು?’ ಎನ್ನುತ್ತಾನೆ.

‘ಮೊದಲು ಪೈಪ್ ಬಿಚ್ಚಿ ನೋಡೂಣು ಕಾಕಾ’ ಎನ್ನುತ್ತೇನೆ.