ಹಾಡುಗಳಲ್ಲಿ ಉಳಿದ ಮುಂಬಯಿ

ಮಹಾನಗರವೊಂದರ ಚರಿತ್ರೆಗೆ ಅದರ ಹಾಡುಗಳೂ ಆಕರಗಳೇ ಎಂಬುದಕ್ಕೆ ಮುಂಬಯಿ ಉತ್ತಮ ನಿದರ್ಶನ. ಮರಾಠಿ ಲಾವಣಿಕಾರ ಪಠ್ಠೆ ಬಾಪೂರಾವ್ ಈ ನಗರದ ವೈಭವವನ್ನು ಬೆರಗಿನಿಂದ ಹಾಡಿದರು. ಸಾಂಗ್ಲಿ ಸೀಮೆಯ ವಾಟೇಗಾಂವದಿಂದ ಬಂದು ಗಿರಣಿಯಲ್ಲಿ ದುಡಿದ ಶಾಹೀರ ಅಣ್ಣಾಭಾವು ಸಾಠೆ (1920–1969) ಅದೇ ಪ್ರಕಾರವನ್ನು ಕೈಗೆತ್ತಿಕೊಂಡು, ಮಲಬಾರ್ ಹಿಲ್‌ನ ಸಿರಿಯನ್ನೂ ಪರೇಲ್‌ನ ದುಡಿಮೆಗಾರರ ಬದುಕನ್ನೂ ಎದುರುಬದುರಾಗಿ ನಿಲ್ಲಿಸಿದರು. ಈ ಲಾವಣಿಯನ್ನು ಬಾಪೂರಾವ್ ಅವರಿಗೆ ನೀಡಿದ ಉತ್ತರವೆಂದೇ ಓದಬಹುದು. ಊರಿನಲ್ಲಿ ನಲ್ಲೆಯನ್ನು ಬಿಟ್ಟುಬಂದ ಕಾರ್ಮಿಕನ ಅಳಲು ಅವರ ಮತ್ತೊಂದು ಪ್ರಸಿದ್ಧ ಹಾಡಿನ ವಸ್ತು. ಗಿರಣಿಗಳ ಹಾಜರಿಪುಸ್ತಕಗಳಲ್ಲಿ ಅಂತಹ ಅಳಲಿಗೆ ಅಂಕಣವಿರಲಿಲ್ಲ.

ಚಲನಚಿತ್ರಗೀತೆಯನ್ನು ಸಂಶೋಧಕರು ಹಗುರವಾಗಿ ಕಾಣುವುದು ಸಲ್ಲದು. 1956ರ ‘ಸಿ.ಐ.ಡಿ.’ ಚಿತ್ರಕ್ಕಾಗಿ ಮಜರೂಹ್ ಸುಲ್ತಾನ್‌ಪುರಿ ರಚಿಸಿದ, ಜಾನಿ ವಾಕರ್ ಅಭಿನಯಿಸಿದ ವಿನೋದಗೀತೆಯು ಮುಂಬಯಿಯ ಟ್ರಾಮು, ಮೋಟಾರು, ಗಿರಣಿಗಳನ್ನು ಒಂದೇ ಉಸಿರಿನಲ್ಲಿ ಹೆಸರಿಸುತ್ತದೆ. ಟ್ರಾಮುಗಳ ಸಂಚಾರ 1964ರಲ್ಲಿ ನಿಂತಿತು. ಜನವರಿ 1982ರಲ್ಲಿ ಆರಂಭವಾದ ಜವಳಿ ಕಾರ್ಮಿಕರ ಮುಷ್ಕರದ ಅನಂತರ ಗಿರಣಿಗಳು ಒಂದೊಂದಾಗಿ ಮುಚ್ಚಿದವು. ಅವುಗಳ ನೆಲದಲ್ಲಿ ಇಂದು ವ್ಯಾಪಾರ ಸಂಕೀರ್ಣಗಳೂ ಗಗನಚುಂಬಿ ವಸತಿಗಳೂ ನಿಂತಿವೆ. ಗೀತೆಯಲ್ಲಿ ಮಾತ್ರ ಟ್ರಾಮು ಇನ್ನೂ ಓಡುತ್ತಿದೆ, ಗಿರಣಿ ಇನ್ನೂ ನಡೆಯುತ್ತಿದೆ.